ಎಲೆ ಹಾಕದ ಕುಡಿಕೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ನನ್ನಜ್ಜಿಗೆ ಈ ಕಥೆ ಹೇಳಿದ ಅವಳಜ್ಜಿಗೂ ಅದು ಗೊತ್ತಿರಲಿಲ್ಲ, ಹಾಲುಗುಡ್ಡದ ಕೆಳಗೆ ಒಂದು ಹಟ್ಟಿ ಇತ್ತು. ಇಪ್ಪತ್ತು ಇಪ್ಪತ್ತೈದು ಗುಡಿಸಲು, ಸುತ್ತ ಮುಳ್ಳುಬೇಲಿ, ಬೇಲಿಯೊಳಗೆ ಜನಕ್ಕಿಂತ ದನವೇ ಹೆಚ್ಚು. ಆ ಹಟ್ಟಿಯಲ್ಲಿ ಕ್ಯಾತಮ್ಮ ಎಂಬ ಹೆಂಗಸು ಇದ್ದಳು. ತುಪ್ಪದ ಕ್ಯಾತಮ್ಮ ಅಂತಾರೆ. ಉರಿ ಸ್ವಲ್ಪ ಸಣ್ಣ ಮಾಡಿ ಹುಡುಗಿಯರೇ, ಬೆಣ್ಣೆ ನಿಧಾನಕ್ಕೆ ಕರಗಲಿ, ಅಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ಅವಳು ಕಾಯಿಸಿದ ತುಪ್ಪ ಮೂರು ತಲೆಮಾರು ಕೆಡಲಿಲ್ಲ ಅಂತಾರೆ. ಅವಳ ಕುಡಿಕೆಯೊಂದನ್ನು ಹಳ್ಳ ಹೊತ್ತುಕೊಂಡು ಹೋಗಿ ಏಳು ಹರದಾರಿ ಆಚೆ ದಡಕ್ಕೆ ಹಾಕಿದಾಗ, ಅಲ್ಲಿನವರು ಬರೀ ಘಮದಲ್ಲೇ ಗುರುತು ಹಿಡಿದು ವಾಪಸು ತಂದುಕೊಟ್ಟರು ಅಂತಾರೆ. ಅವಳು ಒಲೆ ಮುಂದೆ ಕೂತರೆ ನೊಣಗಳು ದೂರದಲ್ಲಿ ಕೂತು ಕೈ ಮುಗಿಯುತ್ತಿದ್ದವು ಅಂತಾರೆ. ನೊಣ ಎಲ್ಲಿ ಕೂತರೂ ಕೈ ಉಜ್ಜುತ್ತದೆ, ಅದಕ್ಕೆ ಕ್ಯಾತಮ್ಮನೇ ಬೇಕಾಗಿಲ್ಲ. ಹೇಳುವವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ. ನಾನು ನಂಬುವಷ್ಟನ್ನು ಮಾತ್ರ ನಿಮಗೆ ಹೇಳುತ್ತೇನೆ.

ಮೊದಲು ಮಡಿಲಕುಡಿಕೆಯ ವಿಷಯ ತಿಳಿಯಬೇಕು. ಈಗಿನ ಹಾಗೆ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ಪದ್ಧತಿ ಆಗ ಆ ಸೀಮೆಯಲ್ಲಿ ಇರಲಿಲ್ಲವಂತೆ. ಹಟ್ಟಿಯಿಂದ ಹಟ್ಟಿಗೆ ದಾರಿ ದೂರ, ದನ ಬಿಟ್ಟು ಬರುವವರಿಲ್ಲ. ಅದರ ಬದಲಿಗೆ ಮದುವೆಯ ದಿನವೇ ತವರಿನವರು ಮಗಳ ಮಡಿಲಿಗೆ ಒಂದು ಕುಡಿಕೆ ತುಪ್ಪ ಇಟ್ಟು ಕಳಿಸುತ್ತಿದ್ದರು. ಅದರ ಬಾಯಿಗೆ ಬಟ್ಟೆ ಬಿಗಿದು, ಮೇಲೆ ಮಣ್ಣು ಮೆತ್ತಿ, ಗಂಡನ ಮನೆಯ ಸೂರಿನಲ್ಲಿ ನೆಲುವಿಗೆ ಇಡುವುದು. ಅವಳಿಗೆ ಮೊದಲ ಮಗು ಆದಾಗಲೇ ಅದನ್ನು ಇಳಿಸುವುದು. ಅದು ವರ್ಷಕ್ಕೂ ಆಗಬಹುದು, ಎರಡು ವರ್ಷಕ್ಕೂ ಆಗಬಹುದು. ಹೆತ್ತ ಮೂರನೆಯ ದಿನ ಅತ್ತೆಯಾದವಳು ನಾಲ್ಕು ಜನರ ಮುಂದೆ ಬಾಯಿ ಬಿಚ್ಚಿ ಮೂಸಬೇಕು. ಘಮ ಎಂದರೆ ತವರಿನ ಹಾರೈಕೆ ಗಟ್ಟಿ ಎಂದು ಅರ್ಥ. ನಲವತ್ತು ದಿನ ಬಾಣಂತಿಗೆ ನವಣೆ ಅನ್ನ, ಮೆಣಸಿನ ಸಾರು, ಮೇಲೆ ಆ ತುಪ್ಪ. ಕಮಟು ವಾಸನೆ ಹೊಡೆದರೆ ತವರಿನವರು ಮನಸ್ಸಿಟ್ಟು ಕಳಿಸಿಲ್ಲ ಎಂದು ಅರ್ಥ. ಗಂಡನ ಮನೆಯಲ್ಲಿ ಹಂಡೆಗಟ್ಟಲೆ ತುಪ್ಪ ಇದ್ದರೂ ಅವಳು ಮುಟ್ಟುವ ಹಾಗಿಲ್ಲ, ನಲವತ್ತು ದಿನವೂ ಒಣ ಅನ್ನ. ಈ ಕಟ್ಟಳೆ ಯಾರು ಮಾಡಿದರೋ ಗೊತ್ತಿಲ್ಲ, ಖಂಡಿತ ಹೆತ್ತವಳಂತೂ ಅಲ್ಲ.

ಕ್ಯಾತಮ್ಮ ಆ ಹಟ್ಟಿಗೆ ಸೊಸೆಯಾಗಿ ಬಂದವಳು. ಅವಳ ಮಡಿಲಕುಡಿಕೆ ಬಿಚ್ಚಿದಾಗ ಕಮಟು ಹೊಡೆಯಿತಂತೆ. ಅವಳ ತಾಯಿ ಹಸುವಿನ ಮೈ ತಡವಿ, ದೇವರಿಗೆ ದೀಪ ಹಚ್ಚಿ, ಉಪವಾಸವಿದ್ದು ಕಾಯಿಸಿದ ತುಪ್ಪ ಅದು. ಆದರೂ ಕಮಟು. ಅತ್ತೆ ಮೂಗು ಮುಚ್ಚಿಕೊಂಡು ಕುಡಿಕೆಯನ್ನು ಆಚೆ ಇಟ್ಟಳು. ಕ್ಯಾತಮ್ಮ ನಲವತ್ತು ದಿನ ಒಣ ಅನ್ನ ನುಂಗಿದಳು, ಜೊತೆಗೆ ನಿನ್ನವ್ವನಿಗೆ ನಿನ್ನ ಮೇಲೆ ಅಷ್ಟೇ ಅಕ್ಕರೆ ಎಂಬ ಮಾತನ್ನೂ ನುಂಗಿದಳು. ಅನ್ನವಾದರೂ ಇಳಿಯಿತು, ಆ ಮಾತು ಮಾತ್ರ ಇಳಿಯಲಿಲ್ಲ ಅಂತಾರೆ.

ಆಮೇಲೆ ತುಪ್ಪ ಕೆಡದ ಹಾಗೆ ಕಾಯುವ ಎಲೆ ಅವಳಿಗೆ ಸಿಕ್ಕಿದ್ದು ಹೇಗೆ ಎಂಬುದಕ್ಕೆ ಹತ್ತು ಬಾಯಿ ಹತ್ತು ಕಥೆ ಹೇಳುತ್ತವೆ. ದೇವಿ ಕನಸಿನಲ್ಲಿ ಬಂದು ಕೊಟ್ಟಳು ಅಂತಾರೆ. ಮೇಕೆಯೊಂದು ಮಾತಾಡಿತು ಅಂತಲೂ ಅಂತಾರೆ. ನನ್ನಜ್ಜಿ ಹೇಳಿದ್ದು ಇಷ್ಟು. ಅವರ ಒಲೆ ಅಂಗಳದಲ್ಲಿ ನುಗ್ಗೆಮರದ ಕೆಳಗಿತ್ತು. ಒಂದು ದಿನ ತುಪ್ಪ ಕಾಯುತ್ತಿರುವಾಗ ಗಾಳಿ ಎದ್ದು, ಒಂದು ಹಿಡಿ ನುಗ್ಗೆಸೊಪ್ಪು ಉದುರಿ ಪಾತ್ರೆಗೇ ಬಿತ್ತು. ಚಟಪಟ ಸದ್ದಾಯಿತು. ಅತ್ತೆ ಬೈದಳು. ಕಸ ಬಿದ್ದ ತುಪ್ಪ ದೇವರಿಗೂ ಬೇಡ, ಮನುಷ್ಯರಿಗೂ ಬೇಡ ಎಂದು ಸೋಸಿ, ಗಾಡಿಯ ಅಚ್ಚಿಗೆ ಸವರಲು ಆಗುತ್ತದೆಂದು ಕೊಟ್ಟಿಗೆಯ ಮೂಲೆಯಲ್ಲಿ ಇಡಿಸಿದಳು. ಅದನ್ನು ಎಲ್ಲರೂ ಮರೆತರು. ಮಳೆ ಹೋಯಿತು, ಚಳಿ ಹೋಯಿತು, ಬೇಸಿಗೆ ಬಂತು. ಗಾಡಿ ಕಿರುಗುಟ್ಟಿದಾಗ ಕ್ಯಾತಮ್ಮ ಆ ಕುಡಿಕೆ ಬಿಚ್ಚಿದಳು. ಮನೆಯೊಳಗಿನ ಒಳ್ಳೆಯ ತುಪ್ಪವೆಲ್ಲ ಆಗಲೇ ಕಮಟಾಗಿತ್ತು. ಕೊಟ್ಟಿಗೆಯ ಕಸದ ತುಪ್ಪ ಮಾತ್ರ ನಿನ್ನೆ ಕಾಯಿಸಿದ ಹಾಗೆ ಮರಳುಮರಳಾಗಿ, ಘಮಘಮ ಎನ್ನುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ದೇವರ ಮಹಿಮೆ ಎಂದು ಕೈಮುಗಿದು ತಿಂದು ಮುಗಿಸುತ್ತಿದ್ದರು. ಕ್ಯಾತಮ್ಮ ಕೂತು ಯೋಚಿಸಿದಳಂತೆ. ಅದೇ ಹಸು, ಅದೇ ಒಲೆ, ಅದೇ ಪಾತ್ರೆ. ಇದಕ್ಕೆ ಬಿದ್ದು ಅದಕ್ಕೆ ಬೀಳದ್ದು ಏನು? ಮುಂದಿನ ಸಲ ಬೇಕೆಂದೇ ಎಲೆ ಹಾಕಿದಳು. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಮಾಡಿ ಮಾಡಿ ಕಲಿತಳು. ತುಪ್ಪ ತಿಳಿಯಾಗಿ ತಳದ ಗಸಿ ಕೆಂಪಾಗುವಾಗ ಒಂದು ಹಿಡಿ ಸೊಪ್ಪು, ಅದರ ನೀರೆಲ್ಲ ಹೋಗಿ ಚಟಪಟ ನಿಲ್ಲುವ ತನಕ ಕಾಯುವುದು, ನಿಂತ ಕೂಡಲೇ ಇಳಿಸಿ ಸೋಸುವುದು, ಅಷ್ಟೇ. ನೀವು ಈಗ ಮಾಡುತ್ತಿರುವುದೂ ಅದೇ.

ಇದು ಹೇಗೆ ಎಂದು ಕೇಳಿದವರಿಗೆ ಅವಳು ಹೇಳುತ್ತಿದ್ದ ಮಾತು ಇವತ್ತಿಗೂ ನಮ್ಮಲ್ಲಿ ಉಳಿದಿದೆ. ಗಾಳಿಗೆ ಯಾವಾಗಲೂ ಹಸಿವು ಎನ್ನುತ್ತಿದ್ದಳಂತೆ. ಕುಡುಗೋಲನ್ನು ಆಚೆ ಬಿಟ್ಟರೆ ಅದನ್ನು ತಿಂದು ತುಕ್ಕು ಮಾಡುತ್ತದೆ, ಹೆಚ್ಚಿಟ್ಟ ಬದನೆಕಾಯಿಯನ್ನು ತಿಂದು ಕಪ್ಪು ಮಾಡುತ್ತದೆ, ಕುಡಿಕೆಯೊಳಗೆ ನುಸುಳಿ ತುಪ್ಪವನ್ನು ತಿಂದು ಕಮಟು ಮಾಡುತ್ತದೆ. ಎಷ್ಟೇ ಬಿಗಿಯಾಗಿ ಕಟ್ಟಿದರೂ ಒಂದಿಷ್ಟು ಗಾಳಿ ಒಳಗೇ ಇರುತ್ತದೆ. ನುಗ್ಗೆಸೊಪ್ಪಿನ ಸಾರ ತುಪ್ಪದಲ್ಲಿ ಇಳಿದಿದ್ದರೆ ಗಾಳಿ ಮೊದಲು ಅದನ್ನು ತಿನ್ನುತ್ತದೆ. ತುಪ್ಪದ ಬದಲು ಎಲೆ ತಾನೇ ಗಾಳಿಯ ಬಾಯಿಗೆ ಹೋಗುತ್ತದೆ. ಅದು ಮುಗಿಯುವ ತನಕ ತುಪ್ಪಕ್ಕೆ ಏನೂ ಆಗುವುದಿಲ್ಲ. ಓದಿದವರು ಇದನ್ನೇ ದೊಡ್ಡ ದೊಡ್ಡ ಮಾತಿನಲ್ಲಿ ಹೇಳುತ್ತಾರೆಂದು ಕೇಳಿದ್ದೇನೆ, ನನಗೆ ಕ್ಯಾತಮ್ಮನ ಮಾತೇ ಸಾಕು.

ಆದರೆ ಕೇಳಿದವರು ತಲೆದೂಗಿ ಮನೆಗೆ ಹೋಗಿ ಬೇರೆಯೇ ಹೇಳಿದರು. ಎಲೆಯಂತೆ ಎಲೆ! ನುಗ್ಗೆಮರ ಎಲ್ಲರ ಹಿತ್ತಿಲಲ್ಲೂ ಇದೆ. ಎಲ್ಲರ ಹಿತ್ತಿಲಲ್ಲಿ ಇರುವುದರಲ್ಲಿ ಏನು ಮಹಿಮೆ ಇರುತ್ತದೆ? ಅದು ಅವಳ ಕೈಗುಣ ಎಂದರು. ಒಬ್ಬಳು ಪರೀಕ್ಷೆಗೆಂದು ಕೊಂಬೆಯನ್ನೇ ಮುರಿದು ಹಾಕಿ ತುಪ್ಪ ಕಹಿ ಮಾಡಿಕೊಂಡಳು. ಇನ್ನೊಬ್ಬಳು ಆರಿದ ತುಪ್ಪಕ್ಕೆ ತೊಳೆದ ಹಸಿ ಎಲೆ ಹಾಕಿ ಬೂಷ್ಟು ಬರಿಸಿಕೊಂಡಳು. ಇಬ್ಬರೂ ಸೇರಿ, ನೋಡಿದಿರಾ, ಎಲೆಯಲ್ಲಿ ಏನಿಲ್ಲ, ಎಲ್ಲ ಕ್ಯಾತಮ್ಮನ ಕೈಯಲ್ಲೇ ಇದೆ ಎಂದು ಸಾರಿದರು. ಅಲ್ಲಿಂದ ಸುತ್ತಲಿನ ಹನ್ನೆರಡು ಹಟ್ಟಿಗಳಲ್ಲಿ ಯಾವ ಮದುವೆಯಾದರೂ ಮಡಿಲಕುಡಿಕೆ ಕ್ಯಾತಮ್ಮನ ಕೈಯದೇ ಆಗಬೇಕಾಯಿತು. ಬೆಣ್ಣೆ ಹೊತ್ತ ಹೆಂಗಸರು ಅವಳ ಅಂಗಳದಲ್ಲಿ ಕೂತು ಕಾಯುತ್ತಿದ್ದರು.

ಇಲ್ಲಿ ನಿಜ ಹೇಳಬೇಕು. ಮೊದಮೊದಲು ಕ್ಯಾತಮ್ಮ ಅಲ್ಲ, ಅಲ್ಲ, ಎಲೆ, ಎಲೆ ಎಂದಳು. ಹತ್ತು ವರ್ಷ ಹೇಳಿದಳು. ಆಮೇಲೆ ಸುಮ್ಮನಾದಳು. ಹೊಗಳಿಕೆ ಯಾರಿಗೆ ಬೇಡ? ಹೆಂಗಸರು ಅವಳ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದನ್ನು ಬಿಟ್ಟಳು. ಒಂದೊಂದು ಸಲ ತನ್ನ ಅಂಗೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು ಅಂತಾರೆ.

ಅವಳಿಗೆ ಒಬ್ಬ ಸೊಸೆ, ಸಣ್ಣೀರಮ್ಮ. ಬಾಯಿಲ್ಲದ ಹೆಂಗಸು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಕೂಡಲಿಲ್ಲ. ಬೇಸಿಗೆಯಲ್ಲಿ ಯಾರು ಕಡೆದರೂ ಒಂದೊಂದು ದಿನ ಹಾಗಾಗುತ್ತದೆ. ಅವಳ ದುರದೃಷ್ಟಕ್ಕೆ, ಅವಸರದಲ್ಲಿ ಎಲೆ ಹಾಕದೆ ಅವಳು ಕಾಯಿಸಿದ ಒಂದು ಕುಡಿಕೆ ಎರಡೇ ತಿಂಗಳಿಗೆ ಕಮಟೂ ಆಯಿತು. ಅಷ್ಟು ಸಾಕಾಯಿತು. ಅತ್ತೆಯದು ಅಮೃತದ ಕೈ, ಸೊಸೆಯದು ಕೆಟ್ಟ ಕೈ ಎಂದು ಹಟ್ಟಿ ತೀರ್ಮಾನ ಮಾಡಿತು. ಬೆಣ್ಣೆ ತಂದವರು, ಸಣ್ಣೀರಮ್ಮ ಮುಟ್ಟದ ಹಾಗೆ ನೋಡಿಕೊಳ್ಳಿ ಎಂದು ಅವಳ ಎದುರಿಗೇ ಹೇಳುತ್ತಿದ್ದರು. ಕ್ಯಾತಮ್ಮ ಅದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಇಪ್ಪತ್ತು ವರ್ಷ ಸಣ್ಣೀರಮ್ಮ ಹಾಲು ಕರೆದಳು, ಸಗಣಿ ಬಾಚಿದಳು, ನೀರು ಹೊತ್ತಳು. ತುಪ್ಪದ ಒಲೆಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಸಣ್ಣೀರಮ್ಮನಿಗೆ ಒಬ್ಬಳೇ ಮಗಳು, ಮೂಡ್ಲಮ್ಮ. ಅವಳ ಮದುವೆ ಕಲ್ಲುಮರಡಿ ಹಟ್ಟಿಯ ಹುಡುಗನ ಜೊತೆ ಗೊತ್ತಾಯಿತು. ಮಡಿಲಕುಡಿಕೆಗೆ ಬೆಣ್ಣೆ ಕೂಡಿಸುವ ದಿನ ಬಂತು. ಆ ದಿನ ಹೆತ್ತವಳು ಬೆಣ್ಣೆಯ ಮೊದಲ ಉಂಡೆಯನ್ನು ಪಾತ್ರೆಗೆ ಹಾಕಬೇಕು, ಅದು ಪದ್ಧತಿ. ಕ್ಯಾತಮ್ಮ ಸೊಸೆಯನ್ನು ಕರೆದಳು. ಸಣ್ಣೀರಮ್ಮ ಬಾಗಿಲ ಹತ್ತಿರವೇ ನಿಂತಳು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ನಾ ಒಲ್ಲೆ ಅತ್ತೆ," ಅಂದಳು. "ನನ್ನ ಕೈ ತಾಕಿದ್ರೆ ನನ್ನ ಮಗಳು ಒಣ ಅನ್ನ ಉಣ್ತಾಳೆ. ನಾ ದೂರ್ದಾಗೇ ನಿಂತು ಅವಳಿಗೆ ಒಳ್ಳೇದಾಗ್ಲಿ ಅಂತೀನಿ."

ಕ್ಯಾತಮ್ಮ ಆ ಸೆರಗಿನ ಗಂಟನ್ನೇ ನೋಡಿದಳು. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಆ ಕೈಗಳನ್ನು ತಾನು ನೋಡೇ ಇಲ್ಲ ಎಂದು ಅವಳಿಗೆ ಆಗ ಹೊಳೆಯಿತು. ತನ್ನ ತಾಯಿಯ ಅಕ್ಕರೆಯನ್ನೂ ಜನ ಹೀಗೇ ಆಡಿಕೊಂಡಿದ್ದರು. ನಾಚಿಕೆಯಾಯಿತು. ದುಃಖವೂ ಆಯಿತು. ಎಲ್ಲರನ್ನೂ ಆಚೆ ಕಳಿಸಿ, ಬಾಗಿಲು ಹಾಕಿ, ಒಳಗಿನ ಒಲೆ ಹಚ್ಚಿದಳು. ಬೆಣ್ಣೆಯನ್ನು ಎರಡು ಪಾಲು ಮಾಡಿದಳು.

ಒಂದು ಪಾಲನ್ನು ಸೊಸೆಯ ಮುಂದಿಟ್ಟು, ನೀನು ಕಾಯಿಸು, ಎಲೆ ಹಾಕು ಎಂದಳು. ಸಣ್ಣೀರಮ್ಮ ಅತ್ತಳು, ಕಾಲು ಹಿಡಿದಳು. ಕ್ಯಾತಮ್ಮ ಬಿಡಲಿಲ್ಲ. ಇನ್ನೊಂದು ಪಾಲನ್ನು ತಾನೇ ಕಾಯಿಸಿದಳು. ಅವಳ ಜನ್ಮದಲ್ಲಿ ಅಷ್ಟು ಜತನದಿಂದ ಕಾಯಿಸಿರಲಿಲ್ಲ ಅಂತಾರೆ. ಉರಿ ಹದ, ಬಣ್ಣ ಹದ, ಎಲ್ಲ ಹದ. ಆದರೆ ಎಲೆ ಹಾಕಲಿಲ್ಲ. ಸೊಸೆ ಅದನ್ನು ನೋಡಿ, ಅತ್ತೆ ಎಲೆ ಮರೆತಿರಿ ಎಂದಾಗ, ಇರಲಿ ಎಂದಳು. ಸೊಸೆಯ ಕುಡಿಕೆಗೆ ಕೆಂಪು ಬಟ್ಟೆ ಕಟ್ಟಿದಳು. ತನ್ನದಕ್ಕೆ ಬಿಳಿ ಬಟ್ಟೆ ಕಟ್ಟಿ, ಅದರ ಗಂಟಿನೊಳಗೆ ತನ್ನ ಬೆರಳಿನ ಹಿತ್ತಾಳೆ ಉಂಗುರವನ್ನು ಸೇರಿಸಿ, ಮೇಲೆ ಮಣ್ಣು ಮೆತ್ತಿದಳು. ಆ ಉಂಗುರ ಅವಳ ಕೈಯಲ್ಲಿ ಇಲ್ಲದ್ದನ್ನು ಯಾರೂ ಕಂಡಿರಲಿಲ್ಲ. ಕೇಳಿದವರಿಗೆ, ಕಳಚಿಟ್ಟಿದ್ದೇನೆ ಎಂದಳು, ಸುಳ್ಳೂ ಅಲ್ಲ.

ಮದುವೆಯಲ್ಲಿ ಎರಡು ಕುಡಿಕೆ ಕಂಡು ಜನ ಬೆರಗಾದರು. ಮೊಮ್ಮಗಳಲ್ಲವೇ, ಎರಡು ಕೊಟ್ಟಿದ್ದಾಳೆ ಎಂದರು. ಎರಡೂ ಕ್ಯಾತಮ್ಮನ ಕೈಯದೇ ಎಂದು ತಾವೇ ಅಂದುಕೊಂಡರು.

ಆಮೇಲಿನ ಒಂದೂವರೆ ವರ್ಷ ಆ ಮನೆಯಲ್ಲಿ ಇಬ್ಬರಿಗೂ ಊಟ ಸೇರಲಿಲ್ಲವಂತೆ. ಸಣ್ಣೀರಮ್ಮನಿಗೆ ತನ್ನ ಕೈಯ ಭಯ. ಕ್ಯಾತಮ್ಮನಿಗೂ ಭಯ, ಅದನ್ನು ನಾನು ಮುಚ್ಚಿಡುವುದಿಲ್ಲ. ಜನ ಹೇಳಿದ್ದೇ ನಿಜವಾಗಿ, ಎಲ್ಲ ತನ್ನ ಕೈಯಲ್ಲೇ ಇದ್ದು, ಎಲೆಯಲ್ಲಿ ಏನೂ ಇಲ್ಲದಿದ್ದರೆ? ಸೊಸೆಯ ಕುಡಿಕೆ ಕೆಟ್ಟು ತನ್ನದು ಉಳಿದರೆ? ಆಗ ಮೂಡ್ಲಮ್ಮನಿಗೆ ತುಪ್ಪವೇನೋ ಸಿಗುತ್ತದೆ, ಸಣ್ಣೀರಮ್ಮ ಮಾತ್ರ ಸಾಯುವ ತನಕ ಕೈ ಬಿಚ್ಚುವುದಿಲ್ಲ. ಎರಡೂ ಕೆಟ್ಟರೆ ಮೂಡ್ಲಮ್ಮನಿಗೆ ಒಣ ಅನ್ನ. ನುಗ್ಗೆಮರದ ಕೆಳಗೆ ಹೋಗಿ ನಿಂತು, ಮಾನ ಉಳಿಸು ಮಾರಾಯ ಎಂದು ಮರಕ್ಕೆ ಹೇಳಿಕೊಳ್ಳುತ್ತಿದ್ದಳು ಅಂತಾರೆ.

ಮೂಡ್ಲಮ್ಮನಿಗೆ ಗಂಡುಮಗು ಆಯಿತೆಂದು ಸುದ್ದಿ ಬಂತು. ಅತ್ತೆ ಸೊಸೆ ಗಾಡಿ ಕಟ್ಟಿಸಿಕೊಂಡು ಕಲ್ಲುಮರಡಿಗೆ ಹೋದರು. ಮೂರನೆಯ ದಿನ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿದ ಮೇಲೆ, ಹೆಂಗಸರೆಲ್ಲ ಸೇರಿದರು. ಮೂಡ್ಲಮ್ಮನ ಅತ್ತೆ ನಾಗಜ್ಜಿ ನೆಲುವಿನಿಂದ ಕುಡಿಕೆ ಇಳಿಸಿದಳು. ಮೊದಲು ಬಿಳಿ ಬಟ್ಟೆಯದು. ಮಣ್ಣು ಕೆಡವಿ ಗಂಟು ಬಿಚ್ಚಿದಳು. ಉಂಗುರ ಉರುಳಿ ನೆಲಕ್ಕೆ ಬಿತ್ತು. ಇದು ಕ್ಯಾತಮ್ಮನ ಉಂಗುರ ಎಂದು ಯಾರೋ ಎತ್ತಿಕೊಟ್ಟರು. ಕ್ಯಾತಮ್ಮನ ಕೈಯ ತುಪ್ಪ ಎಂದು ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಬಾಯಿ ತೆರೆದ ಕೂಡಲೇ ಎರಡು ಹೆಜ್ಜೆ ಹಿಂದೆ ಹೋದರು.

ಕಮಟು. ಅಂಥಿಂಥ ಕಮಟಲ್ಲ.

ಮಗುವನ್ನು ಮಡಿಲಲ್ಲಿಟ್ಟುಕೊಂಡ ಮೂಡ್ಲಮ್ಮ ತಲೆ ತಗ್ಗಿಸಿದಳು. ಕ್ಯಾತಮ್ಮನಿಗೆ ವಯಸ್ಸಾಯಿತು, ಕೈಗುಣ ಹೋಯಿತು ಎಂದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದರು. ಕ್ಯಾತಮ್ಮ ಇನ್ನೊಂದನ್ನು ಬಿಚ್ಚಿ ಎಂದಳು. ನಾಗಜ್ಜಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಕೆಂಪು ಬಟ್ಟೆ ಬಿಚ್ಚಿದಳು. ಆಮೇಲೆ ನಿಧಾನವಾಗಿ ಮುಖ ಈ ಕಡೆ ತಿರುಗಿಸಿದಳು. ಬೆರಳು ಅದ್ದಿದಳು. ಮರಳುಮರಳು ತುಪ್ಪ, ಅಂಗಳವೆಲ್ಲ ಘಮ. ಇದು, ಇದು ಕ್ಯಾತಮ್ಮನ ಕೈ ಎಂದು ಹೆಂಗಸರಿಗೆಲ್ಲ ಹೋದ ಉಸಿರು ಬಂತು.

ಆಗ ಕ್ಯಾತಮ್ಮ ಎದ್ದು ನಿಂತಳು. ಅಲ್ಲೇ ಗೋಡೆಗೊರಗಿ ನಿಂತಿದ್ದ ಸೊಸೆಯ ಎರಡೂ ಕೈಯನ್ನು ಸೆರಗಿನಿಂದ ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆ ಹಿಡಿದಳು.

"ಆ ನಾರೋದು ನಂದು ಕಣ್ರವ್ವ. ನಾನು ಎಲೆ ಹಾಕಿರ್ಲಿಲ್ಲ," ಅಂದಳು. "ಈ ಘಮ ಅನ್ನೋದು ಇವಳು ಮಾಡಿದ್ದು. ಇವಳು ಎಲೆ ಹಾಕಿದ್ಲು. ಕೈಯಾಗೆ ಏನೂ ಇಲ್ಲ, ನನ್ನ ಕೈಯಾಗೂ ಇಲ್ಲ, ಇವಳ ಕೈಯಾಗೂ ಇಲ್ಲ. ಇಪ್ಪತ್ತು ವರ್ಷ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು."

ನಾಗಜ್ಜಿ ಆ ತುಪ್ಪದ ಮೊದಲ ತುತ್ತನ್ನು ತಾನು ತಿನಿಸಲಿಲ್ಲ. ಸಣ್ಣೀರಮ್ಮನ ಕೈಗೆ ಬಟ್ಟಲು ಕೊಟ್ಟಳು. ಸಣ್ಣೀರಮ್ಮ ನವಣೆ ಅನ್ನಕ್ಕೆ ತುಪ್ಪ ಬೆರೆಸಿ ಮಗಳ ಬಾಯಿಗೆ ಇಟ್ಟಳು. ತುತ್ತು ಎಷ್ಟು ದೊಡ್ಡದಿತ್ತೆಂದರೆ ಅರ್ಧ ಅನ್ನ ಮಗುವಿನ ಮೇಲೇ ಬಿತ್ತಂತೆ. ಅದಕ್ಕೇ ಆ ಹುಡುಗ ದೊಡ್ಡವನಾದ ಮೇಲೂ ಮೈ ಮಿರಮಿರ ಮಿಂಚುತ್ತಿತ್ತು ಅಂತಾರೆ. ಇದನ್ನು ಮಾತ್ರ ನಾನು ನಂಬುತ್ತೇನೆ, ಯಾಕೆಂದರೆ ನನಗೆ ನಂಬಬೇಕು ಅನ್ನಿಸುತ್ತದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜನ ಜನವೇ. ಅವರು ಹಾಲುಗುಡ್ಡಕ್ಕೆ ವಾಪಸು ಬಂದ ಎಂಟನೆಯ ದಿನ ಅಂಗಳದಲ್ಲಿ ಬೆಣ್ಣೆ ಹೊತ್ತ ಹೆಂಗಸರು ಮತ್ತೆ ಕೂತಿದ್ದರು. ಕ್ಯಾತಮ್ಮ ಬಂದರೆ, ನೀವಲ್ಲ, ಸಣ್ಣೀರಮ್ಮನವರು ಬೇಕು ಎಂದರು. ಅತ್ತೆಯ ಕೈಗುಣ ಸೊಸೆಗೆ ಇಳಿದಿದೆ ಎಂದು ಅಷ್ಟರಲ್ಲೇ ಹನ್ನೆರಡು ಹಟ್ಟಿಗೂ ಸುದ್ದಿ ಹೋಗಿತ್ತು. ಕ್ಯಾತಮ್ಮ ತಲೆ ಚಚ್ಚಿಕೊಂಡಳು. ಸಣ್ಣೀರಮ್ಮ ಮಾತ್ರ ನಕ್ಕಳಂತೆ, ಆ ಮನೆಗೆ ಬಂದು ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಮೊದಲ ಸಲ ಬಾಯಿ ತುಂಬ ನಕ್ಕಳು. ಆಮೇಲೆ ಆ ಬಾಯಿಲ್ಲದ ಹೆಂಗಸು ಒಂದು ಮಾತು ಹೇಳಿದಳು. ನಾನು ಯಾರಿಗೂ ಕಾಯಿಸಿಕೊಡುವುದಿಲ್ಲ, ಯಾರ ಮದುವೆಯೋ ಆ ಹುಡುಗಿಯೇ ಕಾಯಿಸಲಿ, ಎಲೆ ಹಾಕುವ ಹೊತ್ತು ಮಾತ್ರ ನಾನು ತೋರಿಸುತ್ತೇನೆ ಎಂದಳು. ಆ ವರ್ಷ ಒಂಬತ್ತು ಹುಡುಗಿಯರು ಕಾಯಿಸಿದರು. ಒಂಬತ್ತು ಕುಡಿಕೆಯೂ ಉಳಿದವು. ಒಂಬತ್ತು ಜನರ ಕೈಗೂ ಒಟ್ಟಿಗೆ ಮಹಿಮೆ ಬಂತು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕ್ಯಾತಮ್ಮ ತುಂಬು ಬಾಳು ಬಾಳಿ ಹೋದಳು. ಅವಳಿಗೆ ಗುಡಿ ಕಟ್ಟಿಲ್ಲ, ಕಲ್ಲು ನೆಟ್ಟಿಲ್ಲ. ನಮ್ಮಲ್ಲಿ ಮನೆಗೊಂದು ನುಗ್ಗೆಮರ ಇದೆ, ತುಪ್ಪ ಕಾಯಿಸುವವರು ಅದರಿಂದ ಒಂದು ಹಿಡಿ ಕಿತ್ತು ಹಾಕುತ್ತಾರೆ, ಅಷ್ಟೇ. ಇನ್ನೊಂದು ಇದೆ. ಮಳೆಗಾಲ ಮುಗಿದು ಹಾಲು ಹೆಚ್ಚಾದಾಗ ಪ್ರತಿ ಹಟ್ಟಿಯಲ್ಲೂ ಒಂದು ಸಣ್ಣ ಕುಡಿಕೆ ತುಪ್ಪವನ್ನು ಎಲೆ ಹಾಕದೆ ಕಾಯಿಸಿ ಇಡುತ್ತಾರೆ. ಅದನ್ನು ಕ್ಯಾತಮ್ಮನ ಕುಡಿಕೆ ಅಂತಾರೆ. ಯಾರು ಕಾಯಿಸಬೇಕು ಗೊತ್ತೇ? ಆ ಹಟ್ಟಿಯಲ್ಲಿ ಯಾರ ಕೈಗೆ ಒಳ್ಳೆಯ ಹೆಸರಿದೆಯೋ ಅವಳೇ ಕಾಯಿಸಬೇಕು. ಮುಂದಿನ ಮಳೆಗಾಲ ಕಳೆದ ಮೇಲೆ ಅದನ್ನು ಬಿಚ್ಚಿ, ಮದುವೆ ಗೊತ್ತಾದ ಹುಡುಗಿಯರಿಗೆಲ್ಲ ಮೂಸಲು ಕೊಟ್ಟು, ಉಳಿದದ್ದನ್ನು ಗಾಡಿಯ ಅಚ್ಚಿಗೆ ಸವರುತ್ತಾರೆ.

ಚಟಪಟ ನಿಂತಿತು, ಇಳಿಸಿ. ನಿನ್ನ ಕೈ ನಡುಗುತ್ತಿದೆಯಲ್ಲ, ನಡುಗಲಿ ಬಿಡವ್ವ, ಅದರಿಂದ ತುಪ್ಪಕ್ಕೆ ಏನೂ ಆಗುವುದಿಲ್ಲ. ಈಗ ಆ ಮೂಲೆಯ ಕುಡಿಕೆ ತನ್ನಿ. ನಮ್ಮ ಹಟ್ಟಿಯಲ್ಲಿ ಅರವತ್ತು ವರ್ಷದಿಂದ ತುಪ್ಪ ಎಂದರೆ ಎಲ್ಲರೂ ನನ್ನ ಹೆಸರೇ ಹೇಳುತ್ತಾರೆ, ನನ್ನ ಕೈ ಬಂಗಾರ ಅಂತಾರೆ. ಹೋದ ವರ್ಷ ಇದನ್ನು ಕಾಯಿಸಿದ್ದು ನಾನೇ. ಬಿಚ್ಚಿ. ಮೂಗು ಮುಚ್ಚಿಕೊಳ್ಳಬೇಡಿ, ಹತ್ತಿರ ಬನ್ನಿ, ಚೆನ್ನಾಗಿ ಮೂಸಿ. ಇದು ನನ್ನ ಕೈ.